ನಮ್ಮ ಅಂಕಪಟ್ಟಿಯ ಜೀರ್ಣೋದ್ಧಾರ

ಈ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸವನ್ನು ಕುರಿತು ನಾವು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದ್ದರು. ಆದರೆ ಆ ಇತಿಹಾಸವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯ ಉಪಾಧ್ಯಾಯಿನಿಯರು ಇದೇ ಸಂಚಿಕೆಯಲ್ಲಿ ಅದನ್ನು ಬರೆದಿರುವ ಕಾರಣ, ನಾವು ಬೇರೊಂದು ವಿಷಯವನ್ನು ಹೇಳಲು ಅನುಮತಿ ಬೇಡಿಕೊಂಡೆವು. ಅದೇನಂದರೆ, ೨೦೨೪ನೆಯ ಇಸವಿಯ ಬೇಸಿಗೆಯ ರಜೆಯಲ್ಲಿ ನಮ್ಮ ಆಫೀಸಿನ ಗಣಕಯಂತ್ರದೊಳಗೆ ನಡೆದ ಒಂದು ಜೀರ್ಣೋದ್ಧಾರದ ಕೆಲಸ. ಗಣಕಯಂತ್ರವೆಂಬ ಮಾತನ್ನು ಕಂಡಕೂಡಲೇ ತಾಯಂದಿರಲ್ಲಿ ಕೆಲವರು ಪುಟವನ್ನು ತಿರುವಲಿಕ್ಕೆ ಕೈಯೆತ್ತಿರಬಹುದು. ದಯಮಾಡಿ ತಿರುವಬಾರದು. ನಿಮ್ಮ ಮಕ್ಕಳ ಅಂಕಗಳೂ, ಹಳೆಯ ವಿದ್ಯಾರ್ಥಿನಿಯರಾದ ನಿಮ್ಮ ಸ್ವಂತ ಅಂಕಗಳೂ ಈ ಕಥೆಯೊಳಗುಂಟು. ನಾವು ಮಾಡಿದ ಒಂದು ತಪ್ಪೂ ಉಂಟು.

ನಮ್ಮ ಹಳೆಯ ಕಟ್ಟಡದ ಹೆಂಚಿನ ಮಾಡು ನಿಮಗೆಲ್ಲರಿಗೂ ನೆನಪಿರಬೇಕು. ಮಳೆಗಾಲದಲ್ಲಿ ಒಂಭತ್ತನೆಯ ತರಗತಿಯ ಮೂಲೆಯಲ್ಲಿ ಬಕೀಟನ್ನಿಟ್ಟು, ಅದರೊಳಗೆ ಹನಿ ಬೀಳುವ ಸಪ್ಪಳದ ನಡುವೆ ಪಾಠ ಕೇಳಿದವರು ನಿಮ್ಮಲ್ಲಿ ಎಷ್ಟೋ ಮಂದಿ. ಆ ಮಾಡನ್ನು ಸರಿಪಡಿಸಿದ ಬಡಗಿಗಳು ಇಡೀ ಮಾಡನ್ನು ಒಂದೇ ದಿನ ಕೆಳಗಿಳಿಸಲಿಲ್ಲ. ಹುಳ ತಿಂದ ಒಂದು ಪಕ್ಕಾಸಿನ ಪಕ್ಕಕ್ಕೆ ಹೊಸ ಪಕ್ಕಾಸನ್ನು ಕೊಟ್ಟು, ಭಾರವನ್ನು ಅದಕ್ಕೆ ಒಪ್ಪಿಸಿ, ಆ ಮೇಲೆ ಹಳೆಯದನ್ನು ಎಳೆದು ತೆಗೆದರು. ಹೆಂಚುಗಳನ್ನು ಮೊದಲಿನಂತೆಯೇ ಮುಚ್ಚಿ, ಮುಂದಿನ ಪಕ್ಕಾಸಿಗೆ ಹೋದರು. ಕೆಳಗೆ ತರಗತಿಗಳು ನಡೆಯುತ್ತಲೇ ಇದ್ದವು. ಕೆಲಸ ಮುಗಿದ ದಿನ ಅಂಗಳದಲ್ಲಿ ನಿಂತು ನೋಡಿದವರಿಗೆ ಏನೊಂದು ವ್ಯತ್ಯಾಸವೂ ಕಾಣಲಿಲ್ಲ. ಇಷ್ಟು ಹಣ ಖರ್ಚಾಗಿ ಏನು ಬದಲಾಯಿತೆಂದು ಯಾರೋ ಕೇಳಲು, ಮೇಸ್ತ್ರಿಯು ಅದನ್ನು ಹೊಗಳಿಕೆಯೆಂದೇ ತಿಳಿದು ನಕ್ಕನು. ನಾವು ಹೇಳಲಿಕ್ಕಿರುವ ಕೆಲಸವೂ ಅದೇ ಜಾತಿಯದು. ಅದರಲ್ಲಿ ಕೈಹಾಕುವವರು ಒಳಗಿನದನ್ನೆಲ್ಲಾ ಬದಲಾಯಿಸಿ, ಹೊರಗೆ ಏನೂ ಬದಲಾಗಲಿಲ್ಲವೆಂದು ತೋರಿಸಿಕೊಡಬೇಕು.

ನಮ್ಮ ಅಂಕಪಟ್ಟಿಯ ಪ್ರೋಗ್ರಾಮನ್ನು ೨೦೦೭ರಲ್ಲಿ ಪರಿಚಿತರೊಬ್ಬರು ಜಾವಾ ಎಂಬ ಭಾಷೆಯಲ್ಲಿ ಉಪಕಾರಾರ್ಥವಾಗಿ ಬರೆದುಕೊಟ್ಟರು. ಅವರ ಉಪಕಾರವನ್ನು ನಾವು ಮರೆತವರಲ್ಲ. ಯಾಕಂದರೆ ಅದಕ್ಕೆ ಮುಂಚೆ ನಾವೆಲ್ಲರೂ ಮಾರ್ಚಿ ತಿಂಗಳಲ್ಲಿ ರಾತ್ರಿ ಹನ್ನೊಂದರ ವರೆಗೆ ಕೂಡಿಸುತ್ತಾ ಕಳೆಯುತ್ತಾ ಕೂತಿರುತ್ತಿದ್ದೆವು. ಆದರೆ ವರುಷದಿಂದ ವರುಷಕ್ಕೆ ನಿಯಮಗಳು ಬದಲಾದವು. ಅಂಕದ ಜತೆಗೆ ಶ್ರೇಣಿ ಬೇಕೆಂದಾಗ ಒಬ್ಬರು ಒಂದು ಚೂರನ್ನು ಸೇರಿಸಿದರು; ಹೊಸ ವಿಷಯ ಬಂದಾಗ ಇನ್ನೊಬ್ಬರು ಇನ್ನೊಂದನ್ನು ಅಂಟಿಸಿದರು. ಕೊನೆಗೆ ಅದು ಹೇಗಾಯಿತೆಂದರೆ, ಯಾವ ಸಾಲನ್ನು ಮುಟ್ಟಿದರೆ ಯಾವ ಮೂಲೆ ಸೋರುವದೋ ಯಾರಿಗೂ ತಿಳಿಯದಂತಾಯಿತು.

೨೦೨೨ರಲ್ಲಿ, ಮುಖ್ಯೋಪಾಧ್ಯಾಯಿನಿಯಾಗಿ ಮೂರು ವರುಷಗಳಾಗಿದ್ದ ನಾವು, ಇದಕ್ಕೊಂದು ಕೊನೆ ಕಾಣಿಸಬೇಕೆಂದು ನಿಶ್ಚಯಿಸಿದೆವು. ಪ್ರೋಗ್ರಾಮು ಬಲ್ಲವರೊಬ್ಬರನ್ನು ಕರೆಸಿ, ಒಳಗೆಲ್ಲಾ ಶುದ್ಧ ಮಾಡಿರಿ, ಅದರೊಂದಿಗೆ ಪ್ರಗತಿಪತ್ರದ ಆಕಾರವನ್ನೂ ಬದಲಾಯಿಸಿರಿ, ಅರ್ಧ ಅಂಕವನ್ನು ಮೇಲಕ್ಕೆ ಪೂರ್ಣ ಮಾಡಿರಿ, ಹೇಗೂ ಕೈಹಾಕಿದ್ದೀರಿ, ಎಲ್ಲವನ್ನೂ ಒಟ್ಟಿಗೆ ಮುಗಿಸಿಬಿಡಿರಿ ಎಂದು ಹೇಳಿದೆವು. ಈ ‘ಹೇಗೂ’ ಎಂಬ ಮಾತು ನಮ್ಮದೇ, ಬಂದವರದಲ್ಲ. ಪೋಷಕರ ಸಭೆಯ ದಿನ ಬೆಳಿಗ್ಗೆ ಪತ್ರಗಳು ಅಚ್ಚಾಗಿ ಬಂದಾಗ, ಎಂಟನೆಯ ತರಗತಿಯ ಒಂದು ವಿಭಾಗದ ಸರಾಸರಿಗಳೆಲ್ಲಾ ಕೆಟ್ಟಿದ್ದವು. ಕೆಟ್ಟದ್ದು ಶುದ್ಧ ಮಾಡಿದ್ದರಿಂದಲೋ, ಆಕಾರ ಬದಲಾಯಿಸಿದ್ದರಿಂದಲೋ, ಅರ್ಧ ಅಂಕದ ದೆಸೆಯಿಂದಲೋ ಎಂದು ಕೇಳಿದರೆ ಅವರು ಹೇಳಲಾರದೆ ಹೋದರು. ನಾವೂ ಹೇಳಲಾರದೆ ಹೋದೆವು. ಮೂರು ಕೆಲಸಗಳು ಒಂದೇ ಗಂಟಿನಲ್ಲಿ ಕಟ್ಟಲ್ಪಟ್ಟಿದ್ದವು. ಹಳೆಯ ಪ್ರೋಗ್ರಾಮಿನ ಒಂದು ಪ್ರತಿಯು ಗುಮಾಸ್ತರ ಬಳಿ ಉಳಿದಿದ್ದ ಕಾರಣ, ಅದನ್ನೇ ಪುನಃ ಏರಿಸಿ, ತಡವಾಗಿ ಬಂದ ಪತ್ರಗಳನ್ನು ಬಿಸಿ ಬಿಸಿಯಾಗಿ ಪೋಷಕರ ಕೈಗೆ ಕೊಟ್ಟೆವು. ಆ ದಿನ ಸಭಾಂಗಣದಲ್ಲಿ ಎರಡು ತಾಸು ಕಾದ ತಂದೆತಾಯಿಗಳ ಕ್ಷಮೆಯನ್ನು ಇಲ್ಲಿ ಇನ್ನೊಮ್ಮೆ ಬೇಡುತ್ತೇವೆ.

ಎರಡು ವರುಷ ಯಾರೂ ಅದನ್ನು ಮುಟ್ಟಲಿಲ್ಲ. ೨೦೨೪ರ ಏಪ್ರಿಲ್ ತಿಂಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವವಳು, ರಜೆಗೆಂದು ಊರಿಗೆ ಬಂದವಳು ಶಾಲೆಗೂ ಬಂದಳು. ಹೆಸರನ್ನು ಬರೆಯಕೂಡದೆಂದು ಆಕೆಯೇ ಹೇಳಿರುವದರಿಂದ ಬರೆಯುವದಿಲ್ಲ. ನಮ್ಮ ದುಃಖವನ್ನು ಕೇಳಿ ಆಕೆಯು ಮೊದಲು ಕೇಳಿದ ಪ್ರಶ್ನೆ ಇದು: “ಅಮ್ಮಾ, ನಿಮಗೆ ಬೇಕಾದದ್ದು ಬೇರೆ ಮನೆಯೋ, ಇದೇ ಮನೆಗೆ ಬೇರೆ ಮರವೋ?” ನಾವು, ಇದೇ ಮನೆ ಎಂದೆವು. “ಹಾಗಾದರೆ ನಾನು ಇರುವಷ್ಟು ದಿನ ಒಂದು ಅಂಕವಾದರೂ ಬದಲಾಗಬಾರದು. ಬದಲಾಗಬೇಕೆಂದು ನೀವು ಹೇಳಿದರೂ ನಾನು ಕೇಳುವದಿಲ್ಲ,” ಎಂದಳು. ಒಂದು ಕಾಲದಲ್ಲಿ ನಮ್ಮ ಮುಂದೆ ಬೆಂಚಿನ ಮೇಲೆ ನಿಂತವಳು ನಮಗೆ ಶರತ್ತು ಹಾಕಿದ್ದನ್ನು ಕಂಡು ಸಂತೋಷವೇ ಆಯಿತೆಂದು ಒಪ್ಪಿಕೊಳ್ಳುತ್ತೇವೆ.

ಈ ವಿದ್ಯೆಗೆ ರಿಫ್ಯಾಕ್ಟರಿಂಗ್ ಎಂದು ಹೆಸರು. ಆ ಹೆಸರಿನೊಳಗೆ ಬೀಜಗಣಿತದ ಅಪವರ್ತನವೆಂಬ ಮಾತು ಅಡಗಿರುವದನ್ನು ಕಂಡು, ಗಣಿತದ ಉಪಾಧ್ಯಾಯಿನಿಯಾಗಿ ಹದಿನೈದು ವರುಷ ಕಳೆದ ನಮಗೆ ಅರ್ಧ ಭಯವು ಅಲ್ಲೇ ಹೋಯಿತು. ಅ² + ೫ಅ + ೬ ಎಂಬದನ್ನು (ಅ + ೨)(ಅ + ೩) ಎಂದು ಬರೆಯಬಹುದೆಂದು ನಿಮಗೆಲ್ಲರಿಗೂ ಕಲಿಸಿದ್ದೇವೆ. ಅ ಎಂಬದು ಒಂದಾದರೆ ಎರಡು ಕಡೆಯೂ ೧೨. ಹತ್ತಾದರೆ ಎರಡು ಕಡೆಯೂ ೧೫೬. ರೂಪವು ಬೇರೆ, ಬೆಲೆಯು ಅದೇ. ಮೊದಲನೆಯದಕ್ಕಿಂತ ಎರಡನೆಯದು ಮುಂದಿನ ಲೆಕ್ಕಕ್ಕೆ ಅನುಕೂಲವಾದದ್ದರಿಂದ ಹಾಗೆ ಬರೆಯುತ್ತೇವೆ. ಆದರೆ ಬರೆಯುವಾಗ ಬೆಲೆಯನ್ನು ಬದಲಾಯಿಸಿದ ಹುಡುಗಿಗೆ ಅಂಕವಿಲ್ಲ.

ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಪ್‌ಡೈಕ್ ಎಂಬವರು ರಾಲ್ಫ್ ಜಾನ್ಸನ್ನರ ಮಾರ್ಗದರ್ಶನದಲ್ಲಿ ೧೯೯೨ರಲ್ಲಿ ಈ ವಿಷಯವಾಗಿಯೇ ಒಂದು ಪ್ರೌಢಪ್ರಬಂಧವನ್ನು ಬರೆದರು. ಅದರ ಹುರುಳೇನಂದರೆ, ಪ್ರತಿಯೊಂದು ಬದಲಾವಣೆಗೂ ಮುಂಚಿತವಾಗಿ ಕೆಲವು ಶರತ್ತುಗಳುಂಟು. ಅವು ನೆರವೇರಿದರೆ ಮಾತ್ರ ಬದಲಾವಣೆಯಿಂದ ನಡತೆ ಕೆಡುವದಿಲ್ಲ. ಒಂದಕ್ಕೆ ಹೊಸ ಹೆಸರಿಡಬೇಕಾದರೆ ಆ ಹೆಸರಿನದು ಇನ್ನೊಂದು ಅಲ್ಲಿ ಮೊದಲೇ ಇರಕೂಡದು, ಇತ್ಯಾದಿ. ಅದೇ ವಿಶ್ವವಿದ್ಯಾಲಯದ ಜಾನ್ ಬ್ರಾಂಟ್ ಮತ್ತು ಡಾನ್ ರಾಬರ್ಟ್ಸ್ ಎಂಬವರು ಸ್ಮಾಲ್‌ಟಾಕ್ ಎಂಬ ಭಾಷೆಗೋಸ್ಕರ ಈ ಶರತ್ತುಗಳನ್ನು ತಾನೇ ನೋಡಿಕೊಳ್ಳುವ ಉಪಕರಣವೊಂದನ್ನು ಮಾಡಿದರು. ೧೯೯೯ರಲ್ಲಿ ಮಾರ್ಟಿನ್ ಫೌಲರ್ ಎಂಬವರು ಇವರೆಲ್ಲರ ಸಹಾಯದಿಂದ ಬರೆದ ಪುಸ್ತಕವು ಈ ವಿದ್ಯೆಯನ್ನು ಲೋಕಕ್ಕೆಲ್ಲಾ ಹರಡಿತು. ನಮ್ಮ ಹಳೆಯ ವಿದ್ಯಾರ್ಥಿನಿಯು ಅದರ ಒಂದು ಪ್ರತಿಯನ್ನು ನಮ್ಮ ಮೇಜಿನ ಮೇಲಿಟ್ಟು ಹೋದಳು. ಅದರಲ್ಲಿ ಕೆಂಟ್ ಬೆಕ್ ಎಂಬವರ ಒಂದು ಹೋಲಿಕೆ ನಮಗೆ ನಾಟಿತು. ಪ್ರೋಗ್ರಾಮು ಬರೆಯುವವನಿಗೆ ಎರಡು ಟೋಪಿಗಳಂತೆ. ಹೊಸದನ್ನು ಸೇರಿಸುವಾಗ ಒಂದು, ರೂಪವನ್ನು ತಿದ್ದುವಾಗ ಇನ್ನೊಂದು. ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಕೂಡದು. ೨೦೨೨ರಲ್ಲಿ ನಾವು ಬಂದವರ ತಲೆಯ ಮೇಲೆ ಮೂರು ಟೋಪಿ ಹೇರಿದ್ದೆವು.

ಈಗ ಕೆಲಸದ ವಿವರಕ್ಕೆ ಬರುವೆವು. ಈ ಜಾತಿಯ ಪ್ರೋಗ್ರಾಮುಗಳಲ್ಲಿ ಎಲ್ಲವೂ ಆಬ್ಜೆಕ್ಟ್ ಎಂಬ ವಸ್ತುಗಳಾಗಿರುವವು. ವಿದ್ಯಾರ್ಥಿನಿ ಎಂಬದು ಒಂದು ವಸ್ತು, ತರಗತಿ ಎಂಬದು ಒಂದು, ಪ್ರಗತಿಪತ್ರವೆಂಬದು ಮತ್ತೊಂದು. ಪ್ರತಿಯೊಂದು ವಸ್ತುವೂ ತನ್ನ ಗಂಟನ್ನು ತನ್ನ ಒಳಗೇ ಇಟ್ಟುಕೊಂಡು, ಹೊರಗಿನವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಒಳಗೆ ಹೇಗೆ ಇಟ್ಟುಕೊಂಡಿದೆ ಎಂದು ಇಣುಕಿ ನೋಡುವ ಹಕ್ಕು ಹೊರಗಿನವರಿಗೆ ಇರಬಾರದು. ದತ್ತಾಂಶವನ್ನು ಇಡುವ ರೀತಿಯು ಒಂದೊಂದು ಭಾಗದ ಗುಟ್ಟಾಗಿರಬೇಕೆಂದು ಡೇವಿಡ್ ಪಾರ್ನಸ್ ಎಂಬವರು ೧೯೭೨ರಲ್ಲಿಯೇ ಬರೆದಿದ್ದರು. ಬಾರ್ಬರಾ ಲಿಸ್ಕಾವ್ ಎಂಬ ವಿದುಷಿಯು ಅದೇ ದಶಕದಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಿ.ಎಲ್.ಯು. ಎಂಬ ಭಾಷೆಯನ್ನು ರಚಿಸಿ, ಆ ಗುಟ್ಟನ್ನು ಭಾಷೆಯೇ ಕಾಯುವ ಹಾಗೆ ಮಾಡಿದರು. ಅವರಿಗೆ ೨೦೦೮ನೆಯ ಸಾಲಿನ ಟ್ಯೂರಿಂಗ್ ಪಾರಿತೋಷಕವು ದೊರೆಯಿತು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ಹೆಸರನ್ನು ಬಿಟ್ಟು ಮುಂದೆ ಹೋಗಲು ನಮಗೆ ಮನಸ್ಸು ಬರಲಿಲ್ಲ.

ನಮ್ಮ ಪ್ರೋಗ್ರಾಮಿನಲ್ಲಿಯಾದರೋ ಗುಟ್ಟೆಂಬದೇ ಇರಲಿಲ್ಲ. ಅಂಕಗಳನ್ನು ಬರಿಯ ಸಂಖ್ಯೆಗಳಾಗಿ ಒಂದು ಸಾಲಿನಲ್ಲಿ ಇಡಲಾಗಿತ್ತು. ಮೂವತ್ತೊಂದು ಕಡೆಗಳಿಂದ ಯಾರು ಬೇಕಾದರೂ ಕೈಹಾಕಿ ತೆಗೆಯುತ್ತಿದ್ದರು. ಪರೀಕ್ಷೆಗೆ ಬಾರದ ಹುಡುಗಿಯ ಹೆಸರಿನ ಮುಂದೆ ಏನು ಬರೆಯುವದು? ಸೊನ್ನೆ ಬರೆದರೆ ಆಕೆಯು ಬಂದು ಸೊನ್ನೆ ಪಡೆದಂತಾಗುವದು. ಆದಕಾರಣ, ಯಾರಿಗೂ ಬಾರದ ಅಂಕವೆಂದು ‘ಋಣ ಒಂದು’, ಅಂದರೆ –೧, ಎಂಬ ಗುರುತನ್ನು ಹಾಕಿದ್ದರು. ಇದು ಈ ಉದ್ಯೋಗದಲ್ಲಿ ಬಹು ಹಳೆಯ ರೂಢಿ. ಗುರುತು ತಪ್ಪಲ್ಲ, ಅದು ಗುರುತೆಂದು ಓದುವವನಿಗೆ ನೆನಪಿರುವ ತನಕ ತಪ್ಪಲ್ಲ.

ಕೆಲಸವನ್ನು ಆರಂಭಿಸುವ ಮುಂಚೆ ಆಕೆಯು ಮೂರು ದಿನ ಒಂದು ಸಾಲನ್ನೂ ಬದಲಾಯಿಸಲಿಲ್ಲ. ೨೦೦೭ರಿಂದ ಶೇಖರಿಸಿಟ್ಟಿದ್ದ ಎಲ್ಲಾ ವರುಷಗಳ ಅಂಕಗಳನ್ನು ಹಳೆಯ ಪ್ರೋಗ್ರಾಮಿಗೇ ಉಣಿಸಿ, ಅದು ಅಚ್ಚುಹಾಕುವ ಪ್ರತಿಯೊಂದು ಪ್ರಗತಿಪತ್ರವನ್ನೂ ವಾರ್ಷಿಕ ಸ್ಥಾನಗಳ ಪಟ್ಟಿಯನ್ನೂ ತೆಗೆದು ಭದ್ರವಾಗಿಟ್ಟಳು. ಇನ್ನು ಮೇಲೆ ಒಂದೊಂದು ಹೆಜ್ಜೆಯಿಟ್ಟಾಗಲೂ ಯಂತ್ರವು ಎಲ್ಲವನ್ನೂ ಪುನಃ ಅಚ್ಚುಹಾಕಿ, ಅಕ್ಷರಕ್ಕೆ ಅಕ್ಷರ ಹೋಲಿಸಿ, ಬೇರೆಯಾದದ್ದನ್ನು ತೋರಿಸಬೇಕು. ಮೈಕೆಲ್ ಫೆದರ್ಸ್ ಎಂಬವರು ೨೦೦೪ರಲ್ಲಿ ಬರೆದ ಪುಸ್ತಕದಲ್ಲಿ ಇಂಥ ಪರೀಕ್ಷೆಗಳನ್ನು ವಿವರಿಸಿದ್ದಾರೆ. ಪ್ರೋಗ್ರಾಮು ಏನು ಮಾಡಬೇಕಾಗಿತ್ತೆಂದು ಇವು ಕೇಳುವದಿಲ್ಲ. ಏನು ಮಾಡುತ್ತಿದೆ ಎಂಬದನ್ನು ಮಾತ್ರ ಬರೆದಿಟ್ಟುಕೊಳ್ಳುವವು. ನಮಗೆ ಇದು ಮೊದಲು ವಿಪರೀತವಾಗಿ ಕಂಡಿತು. ಉತ್ತರ ಸರಿಯೋ ತಪ್ಪೋ ನೋಡದೆ, ನಿನ್ನೆಯ ಉತ್ತರವೇ ಇಂದೂ ಬಂತೋ ಎಂದು ನೋಡುವ ಪರೀಕ್ಷೆಯನ್ನು ನಾವು ಟ್ರೈನಿಂಗ್ ಕಾಲೇಜಿನಲ್ಲಿ ಕಲಿತಿರಲಿಲ್ಲ.

ಆ ಮೇಲೆ ಪಕ್ಕಾಸಿನ ಕೆಲಸ ಆರಂಭವಾಯಿತು. ಮೊದಲನೆಯ ಹೆಜ್ಜೆಯಲ್ಲಿ, ಅಂಕಗಳಿಗೆ ಒಂದೇ ಬಾಗಿಲನ್ನಿಟ್ಟು, ಮೂವತ್ತೊಂದು ಕಡೆಗಳವರೂ ಆ ಬಾಗಿಲಿನಿಂದಲೇ ಕೇಳುವಂತೆ ಮಾಡಿದಳು. ಒಳಗಿನ ಸಾಲು ಮೊದಲಿದ್ದಂತೆಯೇ ಇತ್ತು. ಹೋಲಿಸಿದಾಗ ಎಲ್ಲವೂ ಸರಿ. ಎರಡನೆಯದಾಗಿ, ಅಂಕವು –೧ ಆಗಿದೆಯೋ ಎಂದು ಕೇಳುತ್ತಿದ್ದ ಕಡೆಗಳಲ್ಲೆಲ್ಲಾ, ಈಕೆಯು ಗೈರುಹಾಜರಿಯೋ ಎಂದು ಮಾತಿನಲ್ಲೇ ಕೇಳುವ ಹಾಗೆ ಬರೆದಳು. ಪುನಃ ಎಲ್ಲವೂ ಸರಿ. ಒಂದೊಂದು ಹೆಜ್ಜೆಗೆ ಕೆಲವು ನಿಮಿಷಗಳೇ ಹಿಡಿದವು. ಒಂದೊಂದನ್ನೂ ಬೇರೆ ಬೇರೆಯಾಗಿ ಶೇಖರಿಸಿ, ಬೇಡವಾದರೆ ಹಿಂದಕ್ಕೆ ಬರುವ ದಾರಿಯನ್ನು ಇಟ್ಟುಕೊಂಡಳು. ನಾವು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾ, ಇಷ್ಟು ನಿಧಾನವಾಗಿಯೂ ಇಷ್ಟು ಬೇಗನೆಯೂ ನಡೆಯುವ ಕೆಲಸವನ್ನು ಹಿಂದೆ ನೋಡಿದ್ದಿಲ್ಲವೆಂದು ಯೋಚಿಸಿದೆವು. ಮೂರನೆಯದಾಗಿ, ಬಾಗಿಲಿನ ಹಿಂದೆ ಇದ್ದ ಸಂಖ್ಯೆಗಳ ಸಾಲನ್ನೇ ತೆಗೆದು, ಅದರ ಬದಲಾಗಿ ‘ಪಡೆದ ಅಂಕ’, ‘ಗೈರುಹಾಜರಿ’ ಎಂಬ ಎರಡು ಬಗೆಯ ವಸ್ತುಗಳನ್ನಿಟ್ಟಳು. ಇನ್ನು ಯಾರೂ –೧ ಎಂಬದನ್ನು ನೆನಪಿಟ್ಟುಕೊಳ್ಳಬೇಕಾದದ್ದಿಲ್ಲ. ನಿನ್ನನ್ನು ಹೇಗೆ ಅಚ್ಚುಹಾಕಬೇಕು, ಮೊತ್ತಕ್ಕೆ ನೀನು ಎಷ್ಟು ಕೊಡುತ್ತೀ ಎಂದು ಕೇಳಿದರೆ ಆ ವಸ್ತುವೇ ಉತ್ತರ ಕೊಡುವದು. ಗೈರುಹಾಜರಿಯು, ನಾನು ಸೊನ್ನೆ ಕೊಡುತ್ತೇನೆ ಎಂದು ಹೇಳುವಂತೆ ಬರೆದಳು.

ಆಗ ಹೋಲಿಕೆಯು ತಪ್ಪಿತು.

ಪ್ರಗತಿಪತ್ರಗಳೆಲ್ಲಾ ಸರಿಯಾಗಿದ್ದವು. ವಾರ್ಷಿಕ ಸ್ಥಾನಗಳ ಪಟ್ಟಿಯಲ್ಲಿ ಮಾತ್ರ, ಒಂದು ಪರೀಕ್ಷೆಗಾದರೂ ತಪ್ಪಿದ ಹುಡುಗಿಯರ ಮೊತ್ತವು ಹಳೆಯದಕ್ಕಿಂತ ಒಂದು ಅಂಕ ಹೆಚ್ಚಾಗಿತ್ತು. ಎರಡು ಪರೀಕ್ಷೆ ತಪ್ಪಿದವರದು ಎರಡು ಹೆಚ್ಚು. ಹೊಸ ಕೆಲಸದಲ್ಲೇ ದೋಷವಿರಬೇಕೆಂದು ನಾವು ಕೂಡಲೇ ಹೇಳಿಬಿಟ್ಟೆವು. ಆಕೆಯು ಏನೂ ಹೇಳದೆ ಕಾಗದದ ಮೇಲೆ ಒಬ್ಬ ಹುಡುಗಿಯ ಅಂಕಗಳನ್ನು ಬರೆದು ನಮ್ಮ ಮುಂದಿಟ್ಟಳು. ಕೂಡಿಸಿದೆವು. ಹೊಸದೇ ಸರಿ. ಪ್ರಗತಿಪತ್ರವನ್ನು ಮಾಡುವ ಭಾಗವು –೧ ಎಂಬದನ್ನು ಗುರುತೆಂದು ತಿಳಿದು ಬಿಟ್ಟುಬಿಡುತ್ತಿತ್ತು. ಸ್ಥಾನಗಳ ಪಟ್ಟಿಯನ್ನು ಮಾಡುವ ಭಾಗವು ಅದನ್ನು ಅಂಕವೆಂದೇ ನಂಬಿ ಕೂಡಿಸುತ್ತಿತ್ತು. ಋಣ ಒಂದನ್ನು ಕೂಡಿಸಿದರೆ ಒಂದು ಕಳೆಯುವದೆಂದು ನಿಮಗೆ ಹೇಳಬೇಕಾಗಿಲ್ಲ. ಜ್ವರದಿಂದ ಮಲಗಿದ್ದ ಮಗುವಿಗೆ ನಮ್ಮ ಶಾಲೆಯು ಹದಿನೇಳು ವರುಷ ಒಂದೊಂದು ಅಂಕದ ದಂಡವನ್ನು ಹಾಕುತ್ತಾ ಬಂದಿತ್ತು.

ನಾವು, ಈಗಲೇ ತಿದ್ದು ಎಂದೆವು. ಆಕೆಯು, ಆಗುವದಿಲ್ಲ ಎಂದಳು. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಸಣ್ಣ ಜಗಳವೇ ಆಯಿತೆಂದು ಹೇಳಬೇಕು. ತಪ್ಪೆಂದು ಕಣ್ಣಿಗೆ ಕಂಡ ಮೇಲೂ ಅದನ್ನು ಜೋಪಾನವಾಗಿ ಕಾಪಾಡುವದು ಯಾವ ನ್ಯಾಯವೆಂದು ಕೇಳಿದೆವು. ಆಕೆಯು ಕೊಟ್ಟ ಉತ್ತರವು ನಮ್ಮ ನೆನಪಿನಲ್ಲಿ ಇರುವಂತೆ ಹೀಗಿದೆ. ಇನ್ನೂ ಇಪ್ಪತ್ತು ಹೆಜ್ಜೆಗಳು ಬಾಕಿ ಇವೆ. ಈಗ ಇದನ್ನು ತಿದ್ದಿದರೆ ಹಳೆಯ ಪಟ್ಟಿಗಳೊಂದಿಗೆ ಹೋಲಿಕೆ ಇನ್ನೆಂದೂ ಕೂಡಿಬರುವದಿಲ್ಲ. ಮುಂದಿನ ಹೆಜ್ಜೆಯಲ್ಲಿ ನಾನೇ ಒಂದು ತಪ್ಪು ಮಾಡಿದರೆ ಅದು ಈ ತಿದ್ದುಪಡಿಯ ಗುಂಪಿನಲ್ಲಿ ಸೇರಿ ಅಡಗಿಕೊಳ್ಳುವದು. ಅದಲ್ಲದೆ, ಯಾರ ಮೊತ್ತ ಎಷ್ಟಾಗಬೇಕೆಂದು ತೀರ್ಮಾನಿಸುವದು ನನ್ನ ಅಧಿಕಾರವಲ್ಲ, ನಿಮ್ಮದು. ಅದನ್ನು ನೀವು ಬೇರೆ ದಿನ, ತಿಳಿದು, ರುಜು ಹಾಕಿ ಮಾಡಿರಿ. ಹೀಗೆಂದು ಹೇಳಿ, ಆ ಹೊಸ ಗೈರುಹಾಜರಿ ಎಂಬ ವಸ್ತುವು ಸ್ಥಾನಗಳ ಪಟ್ಟಿಯವರು ಕೇಳಿದಾಗ ಮಾತ್ರ –೧ ಎಂದು ಉತ್ತರ ಕೊಡುವಂತೆ ಬರೆದು, ಆ ಸಾಲಿಗೆ ‘ಹಳೆಯ ತಪ್ಪು’ ಎಂದು ಹೆಸರಿಟ್ಟಳು. ಹೋಲಿಕೆಯು ಪುನಃ ಸರಿಯಾಯಿತು. ಮೊದಲು ಎಲ್ಲಿಯೂ ಕಾಣದೆ ಹರಡಿಕೊಂಡಿದ್ದ ದೋಷವು ಈಗ ಒಂದೇ ಸಾಲಿನಲ್ಲಿ, ತನ್ನ ಹೆಸರನ್ನು ಹೊತ್ತುಕೊಂಡು ನಿಂತಿತ್ತು.

ಹೆಸರುಗಳ ವಿಷಯದಲ್ಲಿ ಬೇರೊಂದು ಪಾಠವಾಯಿತು. ಅದನ್ನು ಕನ್ನಡದ ಓದುಗರಿಗೆ ಹೇಳದೆ ಇರಲಾರೆವು. ನಮ್ಮ ಹುಡುಗಿಯರ ಹೆಸರುಗಳು ಹಳೆಯ ಕಾಲದ ಅಕ್ಷರಶೈಲಿಯ ಸಂಕೇತದಲ್ಲಿದ್ದವು; ಅವನ್ನು ಈಗಿನ ಯೂನಿಕೋಡಿಗೆ ತರಬೇಕೆಂದು ಆಕೆಯ ಎಣಿಕೆ. ಮಾರ್ಥಾ ಎಂಬ ಹೆಸರನ್ನು ತೆಗೆದುಕೊಳ್ಳಿರಿ. ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತಿದ್ದರು. ಮೊದಲು ಮಾ, ಆ ಮೇಲೆ ಥಾ, ಅದರ ಬೆನ್ನಿಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಬಾಯಿಯಿಂದ ಹೇಳುವ ಕ್ರಮ. ಮಾ, ರಕಾರ, ಆ ಮೇಲೆ ಥಾ. ಕಾಗದದ ಮೇಲೆ ಎರಡೂ ಒಂದೇ ಮಾರ್ಥಾ. ಒಳಗಿನ ಗುರುತು ಬದಲಾದರೂ ಅದರಿಂದ ಹೊರಗೆ ತಿಳಿಯುವ ಅರ್ಥವು ಬದಲಾಗಬಾರದು, ಒಳಗಿನದರ ಮೇಲೆ ಮಾಡಿದ ಪ್ರತಿಯೊಂದು ಕೆಲಸವೂ ಆ ಅರ್ಥದ ಮೇಲೆ ಮಾಡಿದ ಕೆಲಸಕ್ಕೆ ಸರಿಯಾಗಿ ಹೊಂದಬೇಕು, ಎಂಬ ಮಾತನ್ನು ಟೋನಿ ಹೋರ್ ಎಂಬ ಬ್ರಿಟಿಷ್ ಪಂಡಿತರು ೧೯೭೨ರಲ್ಲಿ ಗಣಿತದ ರೀತಿಯಿಂದ ಸಾಧಿಸಿ ತೋರಿಸಿದ್ದರು. ಇಲ್ಲಿ ಅರ್ಥವೇನೋ ಉಳಿಯಿತು. ಪ್ರಗತಿಪತ್ರಗಳಲ್ಲಿ ಒಂದು ಒತ್ತಕ್ಷರವೂ ಕದಲಲಿಲ್ಲ. ಆದರೆ ಹಾಜರಿಯ ಪಟ್ಟಿಯು ಹೆಸರುಗಳನ್ನು ಒಳಗಿನ ಗುರುತುಗಳ ಕ್ರಮದಿಂದ ಜೋಡಿಸುತ್ತಿದ್ದ ಕಾರಣ, ಅದರ ಕ್ರಮವು ಬದಲಾಗಿ, ಇಪ್ಪತ್ತನೆಯವಳು ಹನ್ನೊಂದನೆಯವಳಾದಳು. ಹೊಸ ಕ್ರಮವೇ ಅಕಾರಾದಿಗೆ ಹೆಚ್ಚು ಸಮೀಪವಾಗಿತ್ತು. ಆದರೂ ವರುಷದ ನಡುವೆ ನಂಬರು ಬದಲಾದರೆ ಉಪಾಧ್ಯಾಯಿನಿಯರಿಗೂ ಮಕ್ಕಳಿಗೂ ಅದು ಬದಲಾವಣೆಯೇ. ಒಳಗಿನದು ಎಷ್ಟು ಗುಟ್ಟೆಂದು ನಾವು ತಿಳಿದಿದ್ದರೂ, ಎಲ್ಲೋ ಒಂದು ಕಿಟಕಿ ತೆರೆದೇ ಇರುವದು. ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದು, ೨೦೨೫ರ ಜೂನ್ ತಿಂಗಳಲ್ಲಿ ಎಲ್ಲರಿಗೂ ಮುಂದಾಗಿ ತಿಳಿಸಿ, ಹೊಸ ಹಾಜರಿ ಪುಸ್ತಕದೊಂದಿಗೆ ಮಾಡಿದೆವು.

ಮೇ ತಿಂಗಳ ಕೊನೆಗೆ ಕೆಲಸ ಮುಗಿಯಿತು. ಅಂಗಳದಲ್ಲಿ ನಿಂತವರಿಗೆ ಏನೂ ಕಾಣುವಂತಿರಲಿಲ್ಲ. ಗುಮಾಸ್ತರು ಒಂದು ವಾರ ಅದನ್ನು ಉಪಯೋಗಿಸಿ, ಕೆಲಸ ಯಾವಾಗ ಆರಂಭವಾಗುವದೆಂದು ನಮ್ಮನ್ನು ಕೇಳಿದರು.

ಜೂನ್ ತಿಂಗಳ ಮೊದಲ ವಾರ, ಉಪಾಧ್ಯಾಯಿನಿಯರ ಸಭೆಯನ್ನು ಕರೆದು, ವಿಷಯವನ್ನು ವಿವರಿಸಿ, ನಿರ್ಣಯವನ್ನು ಪುಸ್ತಕದಲ್ಲಿ ಬರೆದು ರುಜು ಹಾಕಿದೆವು. ಆಕೆಯು ಬೆಂಗಳೂರಿನಿಂದಲೇ ಆ ‘ಹಳೆಯ ತಪ್ಪು’ ಎಂಬ ಒಂದು ಸಾಲನ್ನು ಅಳಿಸಿದಳು. ಬದಲಾಗಬೇಕಾದವು ಮಾತ್ರ ಬದಲಾದವು. ಯಾವವು ಬದಲಾದವೆಂದು ಯಂತ್ರವೇ ಪಟ್ಟಿ ಕೊಟ್ಟಿತು. ಆ ಪಟ್ಟಿಯನ್ನು ಹಿಡಿದುಕೊಂಡು ನಾವು ಎರಡು ಸಾಯಂಕಾಲ ಹಳೆಯ ಬಹುಮಾನದ ರಿಜಿಸ್ಟರುಗಳ ಮುಂದೆ ಕೂತೆವು. ಬಹು ಮಂದಿಯ ಸ್ಥಾನವು ಬದಲಾಗಲಿಲ್ಲ. ಕೆಲವರದು ಇಪ್ಪತ್ತೆರಡರಿಂದ ಇಪ್ಪತ್ತೊಂದಕ್ಕೆ, ಹೀಗೆ. ಬಹುಮಾನಕ್ಕೆ ಸಂಬಂಧಪಟ್ಟದ್ದು ಒಂದೇ ಒಂದು. ೨೦೧೨ರಲ್ಲಿ ಹತ್ತನೆಯ ತರಗತಿಯ ಇಬ್ಬರ ಮೊತ್ತವು ಸರಿಸಮವಾಗಿತ್ತು. ಸಮವಾದರೆ ಇಬ್ಬರಿಗೂ ಪ್ರಥಮ ಬಹುಮಾನ ಕೊಡುವದು ನಮ್ಮ ಶಾಲೆಯ ನಿಯಮ. ಅವರಲ್ಲಿ ಒಬ್ಬಳು ಜ್ವರದ ದೆಸೆಯಿಂದ ಒಂದು ಮಾಸಿಕ ಪರೀಕ್ಷೆಗೆ ಬಂದಿರಲಿಲ್ಲ. ಆಕೆಗೆ ದ್ವಿತೀಯ ಸ್ಥಾನವೆಂದು ಬರೆದಿತ್ತು.

ಆ ಹೆಸರನ್ನು ಓದಿದಾಗ ನಮಗೆ ನೆನಪು ಬಂದದ್ದನ್ನು ಬರೆಯದೆ ಬಿಟ್ಟರೆ ಈ ಲೇಖನವನ್ನು ಬರೆದದ್ದು ವ್ಯರ್ಥ. ೨೦೧೨ರಲ್ಲಿ ಆ ತರಗತಿಗೆ ಗಣಿತವನ್ನು ಕಲಿಸುತ್ತಿದ್ದವರು ನಾವೇ. ಪಟ್ಟಿಯನ್ನು ಹಲಗೆಗೆ ಅಂಟಿಸಿದ ಮಧ್ಯಾಹ್ನ, ಆ ಹುಡುಗಿಯು ನೋಟುಪುಸ್ತಕದಿಂದ ಹರಿದ ಒಂದು ಹಾಳೆಯನ್ನು ಹಿಡಿದುಕೊಂಡು ಉಪಾಧ್ಯಾಯಿನಿಯರ ಕೋಣೆಯ ಬಾಗಿಲಿಗೆ ಬಂದಳು. ತಾನು ಮೂರು ಸಲ ಕೂಡಿಸಿದ್ದೇನೆ, ತನಗೆ ಒಂದು ಹೆಚ್ಚು ಬರುತ್ತದೆ ಎಂದಳು. ನಾವು ಆ ಹಾಳೆಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಯಂತ್ರವು ಕೂಡಿಸುವದರಲ್ಲಿ ತಪ್ಪುವದಿಲ್ಲ ಮಗೂ, ಹೋಗಿ ಇನ್ನೊಮ್ಮೆ ಕೂಡಿಸು ಎಂದೆವು. ಆಕೆಯು ಹೋದಳು. ಯಂತ್ರವು ಕೂಡಿಸುವದರಲ್ಲಿ ತಪ್ಪಿರಲಿಲ್ಲ ನಿಜವೇ. ಕೊಟ್ಟದ್ದನ್ನು ಒಂದೂ ಬಿಡದೆ ಕೂಡಿಸಿತ್ತು.

ಹಳೆಯ ವಿದ್ಯಾರ್ಥಿನಿಯರ ಸಂಘದ ಮೂಲಕ ವಿಳಾಸವನ್ನು ತಿಳಿದು, ನಾವೇ ಕೈಬರಹದಲ್ಲಿ ಪತ್ರ ಬರೆದೆವು. ಮೂರು ವಾರಗಳ ಮೇಲೆ ಉತ್ತರ ಬಂತು. ಆಕೆಯು ಈಗ ಎರಡು ಮಕ್ಕಳ ತಾಯಿ, ಲೆಕ್ಕಪತ್ರಗಳ ಉದ್ಯೋಗದಲ್ಲಿದ್ದಾಳೆ. ಅಂದು ಮನೆಗೆ ಹೋಗಿ ನಾಲ್ಕನೆಯ ಸಲವೂ ಕೂಡಿಸಿದ್ದಾಗಿಯೂ, ಪುನಃ ಒಂದು ಹೆಚ್ಚೇ ಬಂದದ್ದಾಗಿಯೂ, ನಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ತನಗೇ ಕೂಡಿಸಲಿಕ್ಕೆ ಬರುವದಿಲ್ಲವೆಂದು ಬಹಳ ದಿನ ತಿಳಿದುಕೊಂಡದ್ದಾಗಿಯೂ ಬರೆದಿದ್ದಾಳೆ. ಬಹುಮಾನದ ವಿಷಯದಲ್ಲಿ, ಪುಸ್ತಕವನ್ನು ಬೇಡವೆನ್ನುವದಿಲ್ಲ, ಆದರೆ ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಕೇಳಿಕೊಂಡಿದ್ದಾಳೆ. ಹಳೆಯ ಬರಹವನ್ನು ನಾವು ಹೊಡೆದುಹಾಕಲಿಲ್ಲ. ಅದರ ಕೆಳಗೆ, ತಾರೀಕನ್ನೂ ಕಾರಣವನ್ನೂ ಸೇರಿಸಿ, ಇಬ್ಬರೂ ಪ್ರಥಮರೆಂದು ಬರೆದಿದ್ದೇವೆ.

೨೦೦೭ರಿಂದ ೨೦೨೪ರ ವರೆಗೆ ಇಲ್ಲಿ ಓದಿದವರು ಯಾರಾದರೂ ತಮ್ಮ ವಾರ್ಷಿಕ ಮೊತ್ತವನ್ನು ನೋಡಬೇಕೆಂದು ಇಚ್ಛಿಸಿದರೆ, ಆಫೀಸಿಗೆ ಬರೆದು ತಿಳಿಸಬಹುದು. ಹಳೆಯ ಪಟ್ಟಿಯನ್ನೂ ತಿದ್ದಿದ ಪಟ್ಟಿಯನ್ನೂ ಒಟ್ಟಿಗೆ ಕಳುಹಿಸಿಕೊಡುವೆವು. ಹಾಳೆಯ ಮೇಲೆ ಕೂಡಿಸಿ ತಂದವರದನ್ನು ಈ ಸಲ ಕೈಗೆ ತೆಗೆದುಕೊಂಡು ನೋಡುವೆವು.

ಪುಸ್ತಕವು ಹೊದಿಕೆ ಹಾಕಿ ನಮ್ಮ ಕಪಾಟಿನಲ್ಲಿದೆ. ಡಿಸೆಂಬರ್ ರಜೆಗೆ ಮಕ್ಕಳೊಂದಿಗೆ ಊರಿಗೆ ಬಂದಾಗ ಶಾಲೆಗೆ ಬರುತ್ತೇನೆಂದು ಆಕೆಯು ಬರೆದಿದ್ದಾಳೆ. ಆ ಹಾಳೆಯು ಇನ್ನೂ ಪೆಟ್ಟಿಗೆಯಲ್ಲಿದೆಯಂತೆ, ತರುತ್ತೇನೆಂದೂ ಬರೆದಿದ್ದಾಳೆ.